ಮಕ್ಕಳ ಮುಖದ ಮೇಲೆ ಪ್ರಯೋಗ ಬೇಡ



ಕೃಷಿ ಮತ್ತು ಆರೋಗ್ಯದ ಈ ಅಂಕಣದಲ್ಲಿ ದ್ರಾಕ್ಷಿಯ ಬೂದಿರೋಗ, ಕಬ್ಬಿನ ಗೊಬ್ಬರ, ಎಮ್ಮೆಯ ಕೆಚ್ಚಲುಬಾವು, ಹಿರಿಯರ ಸಕ್ಕರೆ ಕಾಯಿಲೆ ಇಂಥ ವಿಷಯಗಳಿಗೆ ಜಾಗ ಸಿಗುವುದು ರೂಢಿ. ಈ ಸಲ ಮೊಡವೆಯ ಬಗ್ಗೆ ಬರೆಯಲು ಹೊರಟಿದ್ದೇವೆ. ಕೆಲವರಿಗೆ ನಗು ಬರಬಹುದು. ವಯಸ್ಸಿಗೆ ಬಂದ ಹುಡುಗ ಹುಡುಗಿಯರಿಗೆ ಬರುತ್ತದೆ, ತಾನಾಗಿಯೇ ಹೋಗುತ್ತದೆ, ಅದಕ್ಕೇಕೆ ಇಷ್ಟು ಪುಟ ಎಂದು ಕೇಳಬಹುದು. ಆದರೆ ಕವಲಾಪುರದಲ್ಲಾಗಲಿ, ಸಾಂಗ್ಲಿ ಮಿರಜಗಳ ಪೇಟೆಯಲ್ಲಾಗಲಿ ಔಷಧದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದರೆ ನಮ್ಮ ಚಿಂತೆ ನಿಮಗೂ ಅರ್ಥವಾದೀತು. ಹತ್ತನೇ ತರಗತಿಯ ಹುಡುಗಿ, ಕಾಲೇಜಿಗೆ ಹೋಗುವ ಹುಡುಗ, ಲಗ್ನ ಗೊತ್ತಾದ ಮಗಳ ತಾಯಿ ಬಂದು, "ಮಾರಿ ಮ್ಯಾಲಿನ ಮೊಡವಿಗೆ ಒಂದು ಟ್ಯೂಬ್ ಕೊಡ್ರಿ" ಎಂದು ಕೇಳಿ, ವೈದ್ಯರ ಚೀಟಿ ಇಲ್ಲದೆಯೇ ಒಂದು ಸಣ್ಣ ಟ್ಯೂಬ್ ಒಯ್ಯುತ್ತಾರೆ. ಆ ಟ್ಯೂಬಿನಲ್ಲಿ ಏನಿದೆ ಎಂಬುದು ಕೊಟ್ಟವರಿಗೂ ಒಮ್ಮೊಮ್ಮೆ ಸರಿಯಾಗಿ ತಿಳಿದಿರುವುದಿಲ್ಲ, ಒಯ್ದವರಿಗಂತೂ ತಿಳಿದಿರುವುದೇ ಇಲ್ಲ.

ಮೊಡವೆಯಿಂದ ಕೆಡುವ ಮುಖಗಳಿಗಿಂತ, ಮೊಡವೆಗೆ ಅವಸರದಲ್ಲಿ ಹಚ್ಚಿದ ಮದ್ದಿನಿಂದ ಹೆಚ್ಚು ಕೆಡುವ ಮುಖಗಳನ್ನು ಕಂಡು ಈ ಲೇಖನ ಬರೆಯುತ್ತಿದ್ದೇವೆ. ಮನೆಯ ಸಾದಾ ಆರೈಕೆ, ಒಳ್ಳೆಯ ಅಭ್ಯಾಸ, ಮೂರು ತಿಂಗಳ ತಾಳ್ಮೆ, ಅಷ್ಟಕ್ಕೂ ಮಣಿಯದಿದ್ದರೆ ಚರ್ಮರೋಗದ ವೈದ್ಯರು: ಇದೇ ಸರಿಯಾದ ದಾರಿ ಎಂಬುದು ನಮ್ಮ ಅಭಿಪ್ರಾಯ.

ಮೊಡವೆ ಎಂದರೇನು?

ನಮ್ಮ ಚರ್ಮದಲ್ಲಿ ಪ್ರತಿಯೊಂದು ರೋಮದ ಬುಡದಲ್ಲಿ ಎಣ್ಣೆಯ ಚಿಕ್ಕ ಗ್ರಂಥಿ ಇರುತ್ತದೆ. ಮುಖ, ಎದೆ, ಬೆನ್ನಿನ ಮೇಲೆ ಇವು ಹೆಚ್ಚು. ಹುಡುಗ ಹುಡುಗಿಯರು ಪ್ರಾಯಕ್ಕೆ ಬರುವಾಗ ದೇಹದಲ್ಲಿ ಹುಟ್ಟುವ ಹಾರ್ಮೋನುಗಳು ಈ ಗ್ರಂಥಿಗಳಿಗೆ ಹೆಚ್ಚು ಎಣ್ಣೆ ಸುರಿಸಲು ಹೇಳುತ್ತವೆ. ಅದೇ ಹೊತ್ತಿಗೆ ರೋಮರಂಧ್ರದ ಒಳಗಿನ ಸತ್ತ ಚರ್ಮ ಸರಿಯಾಗಿ ಉದುರದೆ ಬಾಯಿಗೆ ಬೆಣೆಯಂತೆ ಕೂಡುತ್ತದೆ. ಹೊರಗೆ ಬರಲಾರದ ಎಣ್ಣೆ ಒಳಗೆ ನಿಲ್ಲುತ್ತದೆ. ಎಲ್ಲರ ಚರ್ಮದಲ್ಲೂ ಇರುವ ಒಂದು ಬಗೆಯ ಸೂಕ್ಷ್ಮಜೀವಿ ಅಲ್ಲಿ ಹೆಚ್ಚುತ್ತದೆ. ಆಗ ಕೆಂಪಾಗಿ ಊದುತ್ತದೆ, ಕೀವು ತುಂಬುತ್ತದೆ. ಬಾಯಿ ತೆರೆದ ಬೆಣೆ ಗಾಳಿಗೆ ಕಪ್ಪಾಗಿ ಕರಿಚುಕ್ಕೆಯಂತೆ ಕಾಣುತ್ತದೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ.

12ರಿಂದ 24 ವರ್ಷದ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 85 ಜನರಿಗೆ ಒಂದಲ್ಲ ಒಂದು ಕಾಲಕ್ಕೆ ಮೊಡವೆ ಬರುತ್ತದೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ನಮ್ಮ ಹಳಬರಿಗೂ ಇದು ಗೊತ್ತಿತ್ತು. ಸುಶ್ರುತನ ಗ್ರಂಥದಲ್ಲಿ ಯೌವನದಲ್ಲಿ ಮುಖದ ಮೇಲೆ ಏಳುವ ಗುಳ್ಳೆಗಳನ್ನು ಬೂರುಗದ ಮರದ ಮುಳ್ಳಿಗೆ ಹೋಲಿಸಿ, ಅವನ್ನು ಸಣ್ಣ ರೋಗಗಳ ಸಾಲಿನಲ್ಲಿ ಸೇರಿಸಿದ್ದಾರೆ. ಮರಾಠಿಯಲ್ಲಿ ಇಂದಿಗೂ ಇದಕ್ಕೆ ತಾರುಣ್ಯಪೀಟಿಕಾ ಎನ್ನುತ್ತಾರೆ. ಹೆಸರಿನಲ್ಲೇ ತಾರುಣ್ಯವಿದೆ. ಹೀಗಿರುವಾಗ ಮೊಡವೆ ಬಂದ ಮಗುವನ್ನು ಅಪರಾಧಿಯಂತೆ ನೋಡುವುದು ಎಷ್ಟರ ಮಟ್ಟಿಗೆ ಸರಿ?

ನಾಲಿಗೆಯ ಗಾಯ

ಯಾವುದಾದರೂ ಲಗ್ನದ ಮನೆಗೆ ಹೋಗಿ ನೋಡಿರಿ. ಹದಿನಾರು ವರ್ಷದ ಹುಡುಗಿ ಒಳಗೆ ಬಂದರೆ ಸಾಕು, ಅತ್ತಿ, ಕಾಕು, ಮಾಮಿ ಎಲ್ಲರ ಕಣ್ಣೂ ಅವಳ ಕೆನ್ನೆಯ ಮೇಲೆ. "ಏನವ್ವಾ, ಮಾರಿ ತುಂಬ ಇದೇನಾಗೇತಿ? ಮಾರಿ ತೊಳಕೊಳ್ಳೂದಿಲ್ಲೇನು?" ಎಂದು ಒಬ್ಬರು. "ಒಡಲಾಗ ಉಷ್ಣ ಭಾಳ ಆಗೇತಿ" ಎಂದು ಇನ್ನೊಬ್ಬರು. "ಲಗ್ನ ಆದ್ರ ಎಲ್ಲಾ ಹೋಗ್ತಾವ" ಎಂದು ಮತ್ತೊಬ್ಬರ ನಗೆ. ಹೇಳಿದವರು ಊಟ ಮಾಡಿ ಮರೆತುಬಿಡುತ್ತಾರೆ. ಕೇಳಿದ ಹುಡುಗಿ ಮರೆಯುವುದಿಲ್ಲ. ಅವಳು ಫೋಟೋಕ್ಕೆ ನಿಲ್ಲುವುದನ್ನು ಬಿಡುತ್ತಾಳೆ, ಗೆಳತಿಯರ ಮನೆಗೆ ಹೋಗುವುದನ್ನು ಬಿಡುತ್ತಾಳೆ, ಕೊನೆಗೆ ಒಬ್ಬಳೇ ಔಷಧದ ಅಂಗಡಿಗೆ ಹೋಗುತ್ತಾಳೆ. ಹುಡುಗರ ಪಾಡೂ ಇದೇ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಮೊಡವೆ ಹೆಚ್ಚಿರುವ ಮಕ್ಕಳಲ್ಲಿ ಕೊರಗು, ಖಿನ್ನತೆ ಹೆಚ್ಚು ಎಂಬುದನ್ನು ಅನೇಕ ದೇಶಗಳ ವೈದ್ಯರು ಕಂಡುಕೊಂಡಿದ್ದಾರೆ.

ಹಿರಿಯರೇ, ಮೊಡವೆಗೆ ಮುಖ ತೊಳೆಯದಿರುವುದು ಕಾರಣವಲ್ಲ. ಕೆಟ್ಟ ಯೋಚನೆಯೂ ಕಾರಣವಲ್ಲ. ಲಗ್ನವಾಗುವುದು ಅದಕ್ಕೆ ಮದ್ದೂ ಅಲ್ಲ. ಮಕ್ಕಳ ಮುಖದ ಬಗ್ಗೆ ನಾಲ್ಕು ಜನರ ಎದುರು ಮಾತಾಡದೆ ಇರುವುದೇ ನಾವು ಮಾಡಬಹುದಾದ ಮೊದಲ ಚಿಕಿತ್ಸೆ. ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಮೂರು ದಿನದ ಚಮತ್ಕಾರ

ಈಗ ಆ ಟ್ಯೂಬಿನ ವಿಷಯಕ್ಕೆ ಬರೋಣ. ಹಚ್ಚಿದ ಮೂರು ನಾಲ್ಕು ದಿನಗಳಲ್ಲಿ ಮೊಡವೆಯ ಕೆಂಪು ಇಳಿದು, ಮುಖ ಬೆಳ್ಳಗೆ ನುಣುಪಾಗಿ ಕಂಡರೆ ಸಂತೋಷಪಡಬೇಡಿ, ಅನುಮಾನಪಡಿರಿ. ಅಷ್ಟು ಬೇಗ ಕೆಂಪನ್ನು ಇಳಿಸುವುದು ಬಹಳಮಟ್ಟಿಗೆ ಸ್ಟೆರಾಯ್ಡ್ ಮುಲಾಮು. ಇಸಬು ಮತ್ತು ಇನ್ನು ಕೆಲವು ಚರ್ಮರೋಗಗಳಿಗೆ ಸ್ಟೆರಾಯ್ಡ್ ಒಳ್ಳೆಯ ಔಷಧವೇ. ವೈದ್ಯರು ದಿನಗಳನ್ನು ಎಣಿಸಿ ಕೊಡುತ್ತಾರೆ. ಆದರೆ ಮೊಡವೆಯ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಅದು ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಒಳಗಿನ ರಕ್ತನಾಳಗಳು ಕೆಂಪು ದಾರದಂತೆ ಮೇಲೆ ಕಾಣತೊಡಗುತ್ತವೆ. ಬಿಸಿಲಿಗೆ ಹೋದರೆ, ಒಲೆಯ ಮುಂದೆ ಕೂತರೆ ಮುಖ ಉರಿಯುತ್ತದೆ. ಹುಡುಗಿಯರ ಮುಖದಲ್ಲಿ ಕೂದಲು ಹೆಚ್ಚುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಅದೇ ಮುಲಾಮು ಹೊಸ ಮೊಡವೆಗಳನ್ನು ಎಬ್ಬಿಸುತ್ತದೆ. ಹಚ್ಚುವುದನ್ನು ನಿಲ್ಲಿಸಿದೊಡನೆ ಮುಖ ಮೊದಲಿಗಿಂತ ಹೆಚ್ಚು ಕೆಂಪಾಗಿ ಊದಿಕೊಳ್ಳುತ್ತದೆ. ಹೆದರಿದ ಹುಡುಗಿ ಮತ್ತೆ ಅದನ್ನೇ ಹಚ್ಚುತ್ತಾಳೆ. ಹೀಗೆ ಕುಡುಕನಿಗೆ ಸೆರೆ ಹತ್ತಿದಂತೆ ಮುಖಕ್ಕೆ ಮುಲಾಮು ಹತ್ತುತ್ತದೆ.

ನಮ್ಮ ದೇಶದ ಚರ್ಮವೈದ್ಯರು ಹಲವು ಊರುಗಳ ಆಸ್ಪತ್ರೆಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಮುಖದ ಚರ್ಮದ ತೊಂದರೆಗೆಂದು ಬಂದ 2926 ರೋಗಿಗಳಲ್ಲಿ 433 ಜನ ಸ್ಟೆರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಅದನ್ನು ಹಚ್ಚಿದ್ದು ಮೊಡವೆಗೆಂದೇ. ಇನ್ನೂ ಹೆಚ್ಚು ಜನ ಹಚ್ಚಿದ್ದು ಮುಖ ಬೆಳ್ಳಗಾಗಲೆಂದು. ಹಚ್ಚಿದ ಹತ್ತರಲ್ಲಿ ಒಂಬತ್ತು ಜನರಿಗೆ ಅಡ್ಡಪರಿಣಾಮ ಆಗಿತ್ತು. ಇಂಥ ವರದಿಗಳ ಮೇಲೆ ವೈದ್ಯರು ಒತ್ತಾಯಿಸಿದ ನಂತರ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು 14 ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಕಾನೂನು ಬಂದಿದೆ. ಆದರೆ ಅಂಗಡಿಯ ಕಟ್ಟೆಯ ಮೇಲೆ ಕಾನೂನು ತಾನಾಗಿ ಬಂದು ನಿಲ್ಲುವುದಿಲ್ಲ. ಕೊಳ್ಳುವವರಾದ ನಾವೇ ಕಣ್ಣು ತೆರೆಯಬೇಕು.

ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಇರುತ್ತದೆ. ಕಂಪನಿಯ ಹೆಸರನ್ನು ಬಿಟ್ಟು ಇದನ್ನು ಓದಿರಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್ ಹೀಗೆ "ಸೋನ್" ಎಂದು ಕೊನೆಯಾಗುವ ಹೆಸರು ಕಂಡರೆ, ಅಥವಾ ಕ್ಲೊಬೆಟಾಸೋಲ್ ಎಂದಿದ್ದರೆ ಅದು ಸ್ಟೆರಾಯ್ಡ್. ಹುಳಕಡ್ಡಿಯ ಮದ್ದು, ಗಾಯದ ಮದ್ದು ಇವುಗಳೊಂದಿಗೆ ಬೆರೆಸಿಯೂ ಇದನ್ನು ಮಾರುತ್ತಾರೆ. ಕಾಲೇಜಿಗೆ ಹೋಗುವ ಮಗ ಅಥವಾ ಮಗಳು ಎರಡು ನಿಮಿಷದಲ್ಲಿ ಓದಿ ಹೇಳಬಲ್ಲರು. ಹೆಸರೇ ಇಲ್ಲದ ಡಬ್ಬಿಯಲ್ಲಿ ಬ್ಯೂಟಿ ಪಾರ್ಲರಿನವರೋ ಸಂತೆಯವರೋ ಕೊಟ್ಟ ಬಿಳುಪಿನ ಕ್ರೀಮನ್ನಂತೂ ಮುಟ್ಟಲೇಬೇಡಿ.

ಈಗಾಗಲೇ ಬಹಳ ದಿನಗಳಿಂದ ಹಚ್ಚುತ್ತಿರುವವರು ಗಾಬರಿಯಾಗಬೇಕಿಲ್ಲ. ಒಮ್ಮೆಲೇ ನಿಲ್ಲಿಸಿ ಒದ್ದಾಡುವುದೂ ಬೇಡ. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಿರಿ. ಹೇಗೆ ಬಿಡಿಸಬೇಕೆಂದು ಅವರಿಗೆ ಗೊತ್ತು.

ನಮ್ಮ ಅರಿಶಿನ ಏನು ಮಾಡಬಲ್ಲದು?

"ಹಾಗಾದರೆ ನಮ್ಮ ಅರಿಶಿನವೇ ಸಾಕಲ್ಲ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳುವುದು ಸಹಜ. ನಾವಿರುವುದು ಅರಿಶಿನದ ನಾಡಿನಲ್ಲಿ. ಸಾಂಗ್ಲಿಯ ಅರಿಶಿನದ ಪೇಟೆ ದೇಶಕ್ಕೇ ಹೆಸರುವಾಸಿ. ಹರಿಪುರದಲ್ಲಿ ನೆಲದೊಳಗೆ ಹಗೇವು ತೋಡಿ ಅರಿಶಿನ ತುಂಬಿಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದದ್ದು. 2018ರಲ್ಲಿ ಸಾಂಗ್ಲಿಯ ಅರಿಶಿನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇಂಥ ಬೆಳೆಯ ಬಗ್ಗೆ ಇಲ್ಲದ ಗುಣವನ್ನು ಹೊಗಳಿ ಹೇಳುವ ಅಗತ್ಯ ನಮಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳೋಣ.

ಅರಿಶಿನದಲ್ಲಿ ಕುರ್ಕ್ಯುಮಿನ್ ಎಂಬ ಹಳದಿ ಅಂಶವಿದೆ. ತೂಕದಲ್ಲಿ ಅದು ನೂರಕ್ಕೆ ಎರಡರಿಂದ ಐದು ಪಾಲು. ಅದಕ್ಕೆ ಉರಿಯೂತವನ್ನು ತಗ್ಗಿಸುವ, ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಇದೆ ಎಂದು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ, ಚರ್ಮದೊಳಗೆ ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ಎಣ್ಣೆಯ ಮುಖಕ್ಕೆ ಕಡಲೆಹಿಟ್ಟಿನಲ್ಲಿ ಚಿಟಿಕೆ ಅರಿಶಿನ ಕಲಸಿ ವಾರಕ್ಕೆ ಒಂದೆರಡು ಸಲ ಹತ್ತು ನಿಮಿಷ ಹಚ್ಚಿ, ಉಜ್ಜದೆ ತೊಳೆದರೆ ಮುಖ ಹಗುರವೆನಿಸುತ್ತದೆ. ಸಣ್ಣ ಮೊಡವೆಗಳಿಗೆ ಅಷ್ಟು ಸಾಕಾಗಬಹುದು. ಆಳಕ್ಕೆ ಇಳಿದ ಗಂಟುಮೊಡವೆ ಅದರಿಂದ ವಾಸಿಯಾಗುವುದಿಲ್ಲ. ಕೆಲವರಿಗೆ ಅರಿಶಿನವೇ ಒಗ್ಗದೆ ತುರಿಕೆ ಏಳುತ್ತದೆ. ಆದ್ದರಿಂದ ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಎರಡು ದಿನ ನೋಡಿ, ಆಮೇಲೆ ಮುಖಕ್ಕೆ ಹಚ್ಚಿರಿ.

ಇನ್ನೊಂದು ಎಚ್ಚರಿಕೆಯನ್ನು ಬೆಳೆಗಾರರಾಗಿಯೇ ಹೇಳಬೇಕು. ಅರಿಶಿನದ ಕೊಂಬಿಗೆ ಹೊಳಪು ಬರಲೆಂದು ಸೀಸವಿರುವ ಹಳದಿ ಬಣ್ಣ ಹಚ್ಚುವ ದುಷ್ಟ ಪದ್ಧತಿ ಕೆಲವೆಡೆ ಇದೆ. ಬಾಂಗ್ಲಾದೇಶದಲ್ಲಿ ಇದನ್ನು 2019ರಲ್ಲಿ ಬಯಲಿಗೆಳೆದ ಮೇಲೆ ಸರ್ಕಾರ, ವ್ಯಾಪಾರಿಗಳು, ವಿಜ್ಞಾನಿಗಳು ಸೇರಿ ಕೆಲಸ ಮಾಡಿದರು. ಅಲ್ಲಿ 2019ರಲ್ಲಿ ಪೇಟೆಯ ನೂರು ಮಾದರಿಗಳಲ್ಲಿ 47ರಲ್ಲಿ ಸೀಸ ಕಂಡಿತ್ತು, 2021ರ ಹೊತ್ತಿಗೆ ಒಂದರಲ್ಲಿಯೂ ಕಾಣಲಿಲ್ಲ. ಮನಸ್ಸು ಮಾಡಿದರೆ ಎರಡೇ ವರ್ಷದಲ್ಲಿ ಆಗುವ ಕೆಲಸ ಅದು. ಹೊಟ್ಟೆಗೂ ಮುಖಕ್ಕೂ ಬಳಸುವ ಅರಿಶಿನವನ್ನು ಪರಿಚಯದ ರೈತರಿಂದ ಕೊಂಬಾಗಿ ಕೊಂಡು, ಗಿರಣಿಯಲ್ಲಿ ಎದುರು ನಿಂತು ಬೀಸಿಸಿಕೊಳ್ಳುವುದು ಒಳ್ಳೆಯದು. ಕಣ್ಣು ಕೋರೈಸುವ ಹಳದಿಗಿಂತ ಸಾದಾ ಬಣ್ಣದ ಅರಿಶಿನವನ್ನೇ ನಂಬಿರಿ.

ಅಡುಗೆಮನೆಯ ಉಳಿದ ಮದ್ದುಗಳು

ನೈಸರ್ಗಿಕ ಎಂದ ಮಾತ್ರಕ್ಕೆ ಎಲ್ಲವೂ ನಿರುಪದ್ರವಿ ಅಲ್ಲ. ಎಕ್ಕೆಯ ಹಾಲೂ ನೈಸರ್ಗಿಕವೇ, ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ರೈತರಿಗೆ ಹೇಳಬೇಕಾಗಿಲ್ಲ.

ಲಿಂಬೆರಸವನ್ನು ಮುಖಕ್ಕೆ ಹಚ್ಚಬೇಡಿ. ಅದರ ಹುಳಿ ಚರ್ಮ ತಡೆಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಕಲೆ ಬೀಳುತ್ತದೆ. ಅಡುಗೆ ಸೋಡಾ ಇದಕ್ಕೆ ವಿರುದ್ಧ, ಅದು ಕ್ಷಾರ. ಆರೋಗ್ಯವಂತ ಚರ್ಮ ಕೊಂಚ ಆಮ್ಲೀಯವಾಗಿರುತ್ತದೆ, ಸೋಡಾ ಆ ಕಾವಲನ್ನು ಕೆಡಿಸುತ್ತದೆ. ಹಲ್ಲಿನ ಪೇಸ್ಟು ಹಲ್ಲಿಗೇ ಇರಲಿ. ಉಪ್ಪು, ಸಕ್ಕರೆ, ಅಕ್ಕಿಹಿಟ್ಟು ಹಾಕಿ ತಿಕ್ಕಿದರೆ ಮೊಡವೆ ಒಡೆದು ಹರಡುತ್ತದೆ.

ಬೇವಿನ ಎಲೆ ಕುದಿಸಿ ಆರಿಸಿದ ನೀರಿನಿಂದ ಮುಖ ತೊಳೆಯುವುದರಲ್ಲಿ ತೊಂದರೆ ಇಲ್ಲ. ಲೋಳೆಸರದ ತಿರುಳು ಉರಿಯನ್ನು ತಣಿಸುತ್ತದೆ. ಎಲೆ ಕತ್ತರಿಸಿದಾಗ ಒಸರುವ ಹಳದಿ ಹಾಲನ್ನು ಮಾತ್ರ ಪೂರ್ತಿ ಸೋರಿಸಿ, ತೊಳೆದು, ಒಳಗಿನ ತಿಳಿ ತಿರುಳನ್ನಷ್ಟೇ ಬಳಸಿರಿ. ಮುಲ್ತಾನಿ ಮಿಟ್ಟಿ ಎಣ್ಣೆಯನ್ನು ಹೀರುತ್ತದೆ, ಒಣ ಚರ್ಮದವರಿಗೆ ಬೇಡ. ಆಸ್ಟ್ರೇಲಿಯಾದ ಟೀ ಟ್ರೀ ಎಂಬ ಗಿಡದ ಎಣ್ಣೆಯನ್ನು 1990ರಲ್ಲಿ 124 ರೋಗಿಗಳ ಮೇಲೆ ಪರೀಕ್ಷಿಸಿದರು. ನೂರಕ್ಕೆ ಐದು ಪಾಲಿನ ಆ ಮುಲಾಮು ವೈದ್ಯರ ಬೆಂಜಾಯಿಲ್ ಪೆರಾಕ್ಸೈಡ್‌ನಂತೆಯೇ ಮೊಡವೆ ಕಡಿಮೆ ಮಾಡಿತು. ಆದರೆ ನಿಧಾನವಾಗಿ ಮಾಡಿತು, ಉರಿ ಕಡಿಮೆ ಇತ್ತು. ನೈಸರ್ಗಿಕ ಮದ್ದು ಕೆಲಸ ಮಾಡುವ ರೀತಿಗೆ ಇದು ಒಳ್ಳೆಯ ಉದಾಹರಣೆ: ಗೊತ್ತಾದ ಪ್ರಮಾಣ ಬೇಕು, ಕಾಯುವ ಮನಸ್ಸೂ ಬೇಕು. ಅಂಥ ಎಣ್ಣೆಯನ್ನು ತೆಳುಮಾಡದೆ ಗಟ್ಟಿಯಾಗಿ ಹಚ್ಚಿದರೆ ಚರ್ಮ ಬೆಂದಂತಾಗುತ್ತದೆ.

ಕೊಬ್ಬರಿ ಎಣ್ಣೆ ತಲೆಗೆ ಒಳ್ಳೆಯದು. ಆದರೆ ತಲೆಯಿಂದ ಹಣೆಗೆ ಇಳಿದ ಎಣ್ಣೆ ರೋಮರಂಧ್ರಗಳನ್ನು ಮುಚ್ಚುತ್ತದೆ. ಹಣೆಯ ತುಂಬ ಸಣ್ಣ ಗುಳ್ಳೆ ಇರುವ ಮಕ್ಕಳು ರಾತ್ರಿ ಎಣ್ಣೆ ಹಚ್ಚಿ ಮಲಗುವುದನ್ನು ಬಿಟ್ಟು, ತಲೆ ತೊಳೆಯುವ ಒಂದು ತಾಸಿನ ಮುಂಚೆ ಹಚ್ಚಿಕೊಳ್ಳಲಿ.

ಹೊಲದಲ್ಲಿ ದುಡಿಯುವವರಿಗೆ

ಕವಲಾಪುರದಿಂದ ತಾಸಗಾಂವದ ಕಡೆಗೆ ದ್ರಾಕ್ಷಿ ತೋಟಗಳಲ್ಲಿ ಬೂದಿರೋಗಕ್ಕೆ ಗಂಧಕ ಸಿಂಪಡಿಸುವುದು ಎಲ್ಲರಿಗೂ ಗೊತ್ತು. ಮೊಡವೆಗೂ ಗಂಧಕ ಹಳೆಯ ಮದ್ದೇ, ಔಷಧದ ಸೋಪು, ಮುಲಾಮುಗಳಲ್ಲಿ ಅದನ್ನು ಅಳೆದು ಸೇರಿಸುತ್ತಾರೆ. ಆದರೆ ಮನೆಯಲ್ಲಿ ಉಳಿದ ತೋಟದ ಗಂಧಕವನ್ನು ನೀರಿನಲ್ಲಿ ಕಲಸಿ ಯಾರೂ ಮುಖಕ್ಕೆ ಹಚ್ಚಬಾರದು. ತೋಟಕ್ಕೆ ತಯಾರಿಸಿದ್ದು ತೋಟಕ್ಕೇ, ಅದರ ಪ್ರಮಾಣ ಬೇರೆ, ಅದರಲ್ಲಿ ಬೆರೆತ ವಸ್ತುಗಳೂ ಬೇರೆ.

ಔಷಧ ಸಿಂಪಡಿಸಿ ಬಂದ ಹುಡುಗರು ಅದೇ ಟವೆಲಿನಿಂದ ಬೆವರು ಒರೆಸಿಕೊಳ್ಳುವುದು ಕೆಟ್ಟ ರೂಢಿ. ಮನೆಗೆ ಬಂದೊಡನೆ ಸ್ನಾನ, ಬಟ್ಟೆ ಬದಲು, ಬೇರೆ ಟವೆಲು. ಟ್ರ್ಯಾಕ್ಟರ್, ಇಂಜಿನ್ ರಿಪೇರಿಯ ಕೆಲಸದವರ ತೊಡೆ, ಮುಂಗೈಗಳಲ್ಲಿ ಏಳುವ ಕಪ್ಪು ಬಾಯಿಯ ಗುಳ್ಳೆಗಳಿಗೆ ಮಶಿನ್ ಎಣ್ಣೆಯಲ್ಲಿ ನೆನೆದ ಬಟ್ಟೆಯೇ ಕಾರಣ. ಅದಕ್ಕೆ ಮುಲಾಮಿಗಿಂತ ಒಗೆದ ಬಟ್ಟೆ ಮುಖ್ಯ.

ನಮ್ಮ ಮೈಬಣ್ಣದವರಿಗೆ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲು ಅದನ್ನು ಇನ್ನೂ ಗಾಢ ಮಾಡುತ್ತದೆ. ಆದ್ದರಿಂದ ಗಜ್ಜರಿ ಕೀಳುವ, ದ್ರಾಕ್ಷಿ ಕತ್ತರಿಸುವ ಹೆಣ್ಣುಮಕ್ಕಳು ಸೆರಗನ್ನೋ ಅಗಲ ಅಂಚಿನ ಟೊಪ್ಪಿಗೆಯನ್ನೋ ಮುಖಕ್ಕೆ ನೆರಳಾಗುವಂತೆ ಹಾಕಿಕೊಳ್ಳಲಿ. ಕಲೆಗೆ ಇದು ಅತಿ ಸೋವಿಯ ಮದ್ದು.

ಊಟ, ನಿದ್ದೆ

ಎಣ್ಣೆಯ ಪದಾರ್ಥ ತಿಂದರೆ ಮೊಡವೆ ಬರುತ್ತದೆಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಸಕ್ಕರೆ ಮತ್ತು ಮೈದಾದ ವಿಷಯ ಬೇರೆ. ಇವು ರಕ್ತದಲ್ಲಿ ಸಕ್ಕರೆಯನ್ನು ಒಮ್ಮೆಲೇ ಏರಿಸುತ್ತವೆ, ಅದರ ಹಿಂದೆಯೇ ಇನ್ಸುಲಿನ್ ಏರುತ್ತದೆ, ಅದು ಎಣ್ಣೆಗ್ರಂಥಿಗಳನ್ನು ಕೆರಳಿಸುತ್ತದೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಯುವಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ಇಂಥ ಪದಾರ್ಥ ಕಡಿಮೆ ಮಾಡಿ ಊಟ ಕೊಟ್ಟರು. ಆ ಗುಂಪಿನವರ ಮೊಡವೆ ಇನ್ನೊಂದು ಗುಂಪಿಗಿಂತ ಹೆಚ್ಚು ಇಳಿಯಿತು. ಪಾಪುವಾ ನ್ಯೂಗಿನಿಯ ಕಿತಾವಾ ದ್ವೀಪದಲ್ಲಿ ಗೆಡ್ಡೆ, ಹಣ್ಣು, ತೆಂಗು, ಮೀನು ತಿಂದು ಬದುಕುವ 1200 ಜನರನ್ನು ಪರೀಕ್ಷಿಸಿದ ವೈದ್ಯರಿಗೆ ಒಂದು ಮೊಡವೆಯೂ ಕಾಣಲಿಲ್ಲವೆಂದು 2002ರಲ್ಲಿ ವರದಿಯಾಯಿತು. ವಂಶಗುಣವೂ ಅದಕ್ಕೆ ಕಾರಣವಿರಬಹುದು. ಆದರೂ ಊಟದ ಪಾತ್ರವನ್ನು ತಳ್ಳಿಹಾಕುವಂತಿಲ್ಲ.

ನಾವು ದ್ವೀಪಕ್ಕೆ ಹೋಗಬೇಕಿಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ತರಕಾರಿ, ಮಜ್ಜಿಗೆ ನಮ್ಮ ಅಜ್ಜಿಯರ ಊಟವೇ ಆಗಿತ್ತು. ಬೇಕರಿಯ ಖಾರಿ, ಟೋಸ್ಟು, ಬಣ್ಣದ ಬಾಟಲಿಯ ತಂಪುಪಾನೀಯ, ದಿನಕ್ಕೆ ಐದು ಸಲ ಸಕ್ಕರೆಯ ಚಹಾ ಇವುಗಳನ್ನು ಕಡಿಮೆ ಮಾಡಿದರೆ ಸಾಕು. ಹಾಲು ಕೆಲವರಲ್ಲಿ ಮೊಡವೆ ಹೆಚ್ಚಿಸುವುದುಂಟು. ಹಾಗೆನಿಸಿದರೆ ಒಂದು ತಿಂಗಳು ಕಡಿಮೆ ಮಾಡಿ ನೋಡಿರಿ, ಬೆಳೆಯುವ ಮಕ್ಕಳಿಗೆ ಪೂರ್ತಿ ಬಿಡಿಸಬೇಡಿ.

ಕವಲಾಪುರದ ಗಜ್ಜರಿಯನ್ನು ಧಾರಾಳವಾಗಿ ತಿನ್ನಿರಿ. ಅದರಲ್ಲಿನ ಕ್ಯಾರೊಟಿನ್ ದೇಹಕ್ಕೆ ಬೇಕಾದಷ್ಟು ಮಾತ್ರ ಎ ಜೀವಸತ್ವವಾಗುತ್ತದೆ, ಹೆಚ್ಚಾದರೆ ಅಪಾಯವಿಲ್ಲ. ಮೊಡವೆಗೆ ವೈದ್ಯರು ಕೊಡುವ ಕೆಲವು ಔಷಧಗಳು ಎ ಜೀವಸತ್ವದ ಬಳಗದವು ಎಂದು ಕೇಳಿ ಕೆಲವರು ಅದರ ಮಾತ್ರೆಗಳನ್ನು ತಾವೇ ತಂದು ನುಂಗುತ್ತಾರೆ. ಅದು ಅಪಾಯ. ಮಾತ್ರೆ ಮಿತಿಮೀರಿದರೆ ಯಕೃತ್ತಿಗೆ ಪೆಟ್ಟು, ಗರ್ಭಿಣಿಯರಲ್ಲಿ ಮಗುವಿಗೇ ಪೆಟ್ಟು.

ನಮ್ಮದು ಕುಸ್ತಿಯ ಸೀಮೆ. ತಾಲೀಮಿನ ಮಣ್ಣಿನಲ್ಲಿ ಬೆಳೆದ ಹಳೆಯ ಪೈಲವಾನರ ಮಾತು ಬೇರೆ. ಈಗ ಜಿಮ್ಮಿಗೆ ಹೋಗುವ ಹುಡುಗರು ಪ್ರೋಟೀನ್ ಪುಡಿ ತಿನ್ನುತ್ತಾರೆ, ಕೆಲವರು ಸ್ನಾಯು ಬೆಳೆಯುವ ಇಂಜೆಕ್ಷನ್ನನ್ನೂ ಚುಚ್ಚಿಸಿಕೊಳ್ಳುತ್ತಾರೆ. ಎದೆ ಬೆನ್ನಿನ ತುಂಬ ಏಕಾಏಕಿ ದೊಡ್ಡ ಮೊಡವೆಗಳು ಎದ್ದರೆ ತಂದೆತಾಯಿಗಳು ಈ ಬಗ್ಗೆ ಮೆಲ್ಲನೆ ವಿಚಾರಿಸಬೇಕು.

ನಿದ್ದೆಗೆಟ್ಟು ಓದುವ, ರಾತ್ರಿಯೆಲ್ಲ ಮೊಬೈಲು ನೋಡುವ ಮಕ್ಕಳಿಗೂ ಒಂದು ಮಾತು. ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳ ಮೊಡವೆ ಹೆಚ್ಚುತ್ತದೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2003ರಲ್ಲಿ ತೋರಿಸಿಕೊಟ್ಟಿದ್ದಾರೆ. ಚಿಂತೆ ಮುಖದ ಮೇಲೆ ಮೂಡುತ್ತದೆಂಬುದು ಬರೀ ಮಾತಲ್ಲ.

ದಿನದ ಕ್ರಮ

1. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೆದು ಸೋಪಿನಿಂದ, ಬೆರಳ ತುದಿಯಿಂದ ಮುಖ ತೊಳೆಯಿರಿ. ಬೆವರು ಬಂದಾಗ ಬರೀ ನೀರು ಸಾಕು. ಹತ್ತು ಸಲ ಸೋಪು ಹಚ್ಚಿದರೆ ಚರ್ಮ ಒಣಗಿ ಇನ್ನಷ್ಟು ಕೆರಳುತ್ತದೆ.

2. ಒರೆಸುವಾಗ ಒತ್ತಿ ಒರೆಸಿರಿ, ಉಜ್ಜಬೇಡಿ. ಪ್ರತಿಯೊಬ್ಬರಿಗೂ ಬೇರೆ ಟವೆಲು ಇರಲಿ. ತಲೆದಿಂಬಿನ ಚೀಲವನ್ನು ವಾರಕ್ಕೆ ಎರಡು ಸಲ ಒಗೆಯಿರಿ.

3. ಮೊಡವೆಯನ್ನು ಹಿಂಡಬೇಡಿ, ಉಗುರಿನಿಂದ ಚಿವುಟಬೇಡಿ. ಮೊಡವೆ ಎರಡು ವಾರದಲ್ಲಿ ಹೋಗುತ್ತದೆ, ಚಿವುಟಿದ ಕುಳಿ ಜೀವಮಾನವಿಡೀ ಉಳಿಯಬಹುದು.

4. ಒಂದು ಹೊತ್ತಿಗೆ ಒಂದೇ ಮದ್ದು. ಇಂದು ಅರಿಶಿನ, ನಾಳೆ ಬೇವು, ನಾಡಿದ್ದು ನೆರೆಮನೆಯವರ ಕ್ರೀಮು ಎಂದು ಬದಲಿಸಿದರೆ ಯಾವುದು ಹಿಡಿಸಿತು, ಯಾವುದು ಕೆಡಿಸಿತು ಗೊತ್ತಾಗುವುದಿಲ್ಲ.

5. ಯಾವ ಮದ್ದಿಗೂ ಎಂಟರಿಂದ ಹನ್ನೆರಡು ವಾರ ಬೇಕು. ಬಿತ್ತಿದ ಮರುದಿನವೇ ತೆನೆ ಕಟ್ಟಲಿಲ್ಲವೆಂದು ಯಾವ ರೈತನೂ ಹೊಲ ಹರಗುವುದಿಲ್ಲ.

ವೈದ್ಯರ ಬಳಿ ಯಾವಾಗ?

ಮೂರು ತಿಂಗಳ ಆರೈಕೆಯ ಮೇಲೂ ಇಳಿಯದಿದ್ದರೆ, ಒಳಗೆ ನೋಯುವ ಗಂಟುಗಳಿದ್ದರೆ, ಕುಳಿ ಬೀಳತೊಡಗಿದ್ದರೆ, ಎದೆ ಬೆನ್ನಿಗೆ ಹರಡಿದ್ದರೆ ಕಾಯದೆ ಹೋಗಿರಿ. ಗಂಟುಮೊಡವೆಗೆ ಮೂರು ತಿಂಗಳೂ ಕಾಯಬಾರದು, ತಡವಾದಷ್ಟೂ ಕುಳಿ ಹೆಚ್ಚು. ಹುಡುಗಿಗೆ ಮುಟ್ಟು ಸರಿಯಾಗಿ ಬರದೆ, ಗಲ್ಲದ ಮೇಲೆ ಕೂದಲು ಬೆಳೆದು, ತೂಕವೂ ಏರುತ್ತಿದ್ದರೆ ಅಂಡಾಶಯದ ತೊಂದರೆ ಇರಬಹುದು. ಅದನ್ನು ತೋರಿಸಲು ನಾಚಿಕೆ ಬೇಡ. ಮಗು ಮಂಕಾಗಿ, ಮನೆಯಿಂದ ಹೊರಗೆ ಬರಲೊಲ್ಲದಿದ್ದರೆ ಮೊಡವೆ ಎಷ್ಟೇ ಇರಲಿ, ಅದೇ ಕಾರಣ ಸಾಕು.

ವೈದ್ಯರ ಬಳಿ ಒಳ್ಳೆಯ ಔಷಧಗಳಿವೆ. ಬೆಂಜಾಯಿಲ್ ಪೆರಾಕ್ಸೈಡ್ ಸೂಕ್ಷ್ಮಜೀವಿಯನ್ನು ಕೊಲ್ಲುತ್ತದೆ. ಅದು ಬಟ್ಟೆಯ ಬಣ್ಣವನ್ನೂ ತಿನ್ನುವುದರಿಂದ ಬಿಳಿಯ ಟವೆಲು ಬಳಸಿರಿ. ಅಡಾಪಲಿನ್ ರೋಮರಂಧ್ರದ ಬೆಣೆಯನ್ನು ಬಿಡಿಸುತ್ತದೆ. ಮೊದಲ ಕೆಲವು ವಾರ ಇವುಗಳಿಂದ ಉರಿ, ಸಿಪ್ಪೆ ಬರಬಹುದು, ಅಷ್ಟಕ್ಕೇ ಬಿಡಬೇಡಿ. ಬಹಳ ಕಠಿಣ ಮೊಡವೆಗೆ ಐಸೊಟ್ರೆಟಿನೋಯಿನ್ ಎಂಬ ಗುಳಿಗೆ ಕೊಡುತ್ತಾರೆ. ಅದು ಪರಿಣಾಮಕಾರಿ, ಆದರೆ ಗರ್ಭದ ಮಗುವಿಗೆ ಭಾರಿ ಹಾನಿ ಮಾಡುತ್ತದೆ. ಲಗ್ನ ಗೊತ್ತಾದ ಹುಡುಗಿಯರು, ಮದುವೆಯಾದವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಒಬ್ಬರಿಗೆ ಬರೆದ ಗುಳಿಗೆಯನ್ನು ಅಕ್ಕತಂಗಿಯರು ಹಂಚಿಕೊಳ್ಳಬಾರದು.

ಚರ್ಮದ ವೈದ್ಯರನ್ನು ಹುಡುಕಿಕೊಂಡು ಮುಂಬಯಿಗೆ ಹೋಗಬೇಕಾಗಿಲ್ಲ. ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜು 1962ರಿಂದ ಇದೆ. ಅದಕ್ಕೂ ಎಷ್ಟೋ ಮೊದಲು, 1890ರ ದಶಕದಲ್ಲಿ ಡಾ. ವಿಲಿಯಂ ವಾನ್‌ಲೆಸ್ ಮಿರಜದಲ್ಲಿ ಆಸ್ಪತ್ರೆ ಆರಂಭಿಸಿದ ಮೇಲೆ, ಬೆಳಗಾವಿ, ವಿಜಾಪುರದ ಕಡೆಯ ಕನ್ನಡ ರೋಗಿಗಳು ರೈಲು ಹತ್ತಿ ಬರತೊಡಗಿದರು. ಕುಷ್ಠರೋಗಿಗಳಿಗಾಗಿ ರಿಚರ್ಡ್‌ಸನ್ ಹೆಸರಿನ ಆಸ್ಪತ್ರೆಯನ್ನೂ ಇದೇ ಊರಿನಲ್ಲಿ ಕಟ್ಟಿದರು. ಚರ್ಮದ ರೋಗ ಪಾಪದ ಫಲವಲ್ಲ, ಮುಚ್ಚಿಡುವ ಮಾತಲ್ಲ, ತೋರಿಸಿದರೆ ವಾಸಿಯಾಗುತ್ತದೆ ಎಂಬ ಪಾಠವನ್ನು ಈ ಸೀಮೆ ಆಗಲೇ ಕಲಿತಿದೆ. ಅಂಥ ದೊಡ್ಡ ರೋಗಕ್ಕೆ ಕಲಿತದ್ದನ್ನು ಈ ಸಣ್ಣ ರೋಗಕ್ಕೆ ಮರೆಯಬೇಕೇ?

ಕೊನೆಯದಾಗಿ ಕೆಲವರಲ್ಲಿ ನಮ್ಮ ವಿನಂತಿ. ಔಷಧದ ಅಂಗಡಿಯವರೇ, ನಿಮ್ಮ ಮನೆಯಲ್ಲೂ ಮಕ್ಕಳಿದ್ದಾರೆ. ಚೀಟಿ ಇಲ್ಲದೆ ಬಂದ ಹುಡುಗಿಗೆ ಸ್ಟೆರಾಯ್ಡ್ ಟ್ಯೂಬ್ ಕೊಡಬೇಡಿ, "ಡಾಕ್ಟರಿಗೆ ತೋರಿಸವ್ವಾ" ಎಂದು ಹೇಳಿ ಕಳಿಸಿರಿ. ಶಿಕ್ಷಕರೇ, ವರ್ಷಕ್ಕೊಮ್ಮೆ ಅರ್ಧ ತಾಸು ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಈ ವಿಷಯ ತಿಳಿಸಿರಿ. ಟ್ಯೂಬಿನ ಮೇಲಿನ ಹೆಸರು ಓದುವುದನ್ನು ಕಲಿಸಿದರೂ ದೊಡ್ಡ ಉಪಕಾರ. ತಾಯಂದಿರೇ, ತಂದೆಯಂದಿರೇ, ಇಂದು ರಾತ್ರಿಯೇ ಮನೆಯ ಕನ್ನಡಿಯ ಹಿಂದೆ, ದಿಂಬಿನ ಕೆಳಗೆ ಇಂಥ ಟ್ಯೂಬ್ ಇದೆಯೇ ನೋಡಿರಿ. ಇದ್ದರೆ ಬೈಯಬೇಡಿ. ಮಗುವನ್ನು ಹತ್ತಿರ ಕೂಡಿಸಿಕೊಂಡು, ಎಷ್ಟು ದಿನದಿಂದ ಹಚ್ಚುತ್ತಿದ್ದಿ ಎಂದು ಕೇಳಿ, ಈ ವಾರದಲ್ಲೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ.